ಕ್ರೋನ್ಸ್ (ಕರುಳಿನ ಉರಿಯೂತದ ಕಾಯಿಲೆ) ಇರುವ ಮಗುವಿಗೆ ಅನ್ನನಾಳದ ಅಲರ್ಜಿಯೂ ಬರಬಹುದಾ?

ಬರಬಹುದು. ಮಗನಿಗೆ 11 ವರ್ಷ, ಕ್ರೋನ್ಸ್ ಹತೋಟಿಯಲ್ಲಿದೆ, ಆದರೂ ಚಪಾತಿ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ ಅಂದಿದ್ದೀರಿ. ತುತ್ತಿಗೊಮ್ಮೆ ನೀರು ಕುಡಿಯುತ್ತಾನಾ? ಎಲ್ಲರೂ ಕೈ ತೊಳೆದರೂ ಅವನ ತಟ್ಟೆ ಹಾಗೇ ಇರುತ್ತಾ? ನಾವು ಸುಮ್ನೆ ಹಠ ಅಂದುಕೊಳ್ಳುವ ಇಂಥ ಅಭ್ಯಾಸಗಳನ್ನೇ ಡಾಕ್ಟರಿಗೆ ಮೊದಲು ಹೇಳಿ.

ಎಂಡೋಸ್ಕೋಪಿಯಲ್ಲಿ ಅನ್ನನಾಳ ನೋಡಲು ಸರಿಯಾಗೇ ಇದ್ದರೂ ಹಲವು ಕಡೆಯಿಂದ ಬಯಾಪ್ಸಿ (ಪರೀಕ್ಷೆಗೆ ಚಿಕ್ಕ ತುಣುಕು) ತೆಗೆಯಬೇಕು. ಮೈಕ್ರೋಸ್ಕೋಪಿನ ಒಂದು ನೋಟದಲ್ಲಿ 15 ಅಥವಾ ಅದಕ್ಕಿಂತ ಜಾಸ್ತಿ ಇಯೋಸಿನೋಫಿಲ್ (ಅಲರ್ಜಿಯಲ್ಲಿ ಹೆಚ್ಚುವ ಒಂದು ಬಗೆಯ ಬಿಳಿ ರಕ್ತಕಣ) ಕಂಡರೆ ಅಲರ್ಜಿಯ ಅನುಮಾನ ಗಟ್ಟಿ. ಆದರೆ ಕ್ರೋನ್ಸ್ ಕೂಡ ಅನ್ನನಾಳಕ್ಕೆ ಬರಬಹುದು. ಹಾಗಾಗಿ ರಿಪೋರ್ಟನ್ನು ಮಕ್ಕಳ ಗ್ಯಾಸ್ಟ್ರೋ ಡಾಕ್ಟರೇ ನೋಡಲಿ. ಬೆಂಗಳೂರಿನಲ್ಲಿ ಅಂಥವರು ಸಿಗುತ್ತಾರೆ.

ಈ ಅಲರ್ಜಿ ಕೆರಳಿಸಬಹುದು ಅಂತ ಹಾಲು, ಗೋಧಿ, ಮೊಟ್ಟೆ ಎಲ್ಲ ಒಟ್ಟಿಗೆ ನಿಲ್ಲಿಸಬೇಡಿ. ಕ್ರೋನ್ಸ್ ಇರುವ ಮಕ್ಕಳಿಗೆ ತೂಕ ಏರುವುದೇ ಕಷ್ಟ, ಅಲ್ವಾ? ಎಷ್ಟೋ ಸಲ ಮೊದಲು ಹಾಲೊಂದನ್ನೇ ನಿಲ್ಲಿಸಿ ನೋಡುತ್ತಾರೆ. ಹಾಲು ಅಂದರೆ ಮೊಸರು, ಮಜ್ಜಿಗೆ, ದರ್ಶಿನಿಯ ಬೆಣ್ಣೆ ದೋಸೆಯೂ ಸೇರಿತು. (ಮನೆಯ ಅಜ್ಜಿಯರನ್ನು ಒಪ್ಪಿಸುವುದು ಬೇರೆ ಕಥೆ.) ಪಥ್ಯ ಆಗಲ್ಲ ಅಂದರೆ ಆಸಿಡ್ ತಗ್ಗಿಸುವ ಮಾತ್ರೆ, ನುಂಗುವ ಬುಡೆಸೊನೈಡ್ (ಒಂದು ಸ್ಟೀರಾಯ್ಡ್ ಔಷಧಿ) ಇವೆ. ಕ್ರೋನ್ಸ್ ಔಷಧಿ ಮಾತ್ರ ನೀವಾಗಿಯೇ ಬಿಡಬೇಡಿ.

ತುತ್ತು ಸಿಕ್ಕಿ ಎಂಜಲೂ ಇಳಿಯದಿದ್ದರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.