9ನೇ ತರಗತಿ ಮಗಳಿಗೆ ಸಾರ್ವಜನಿಕ ಗ್ರಂಥಾಲಯದಲ್ಲಿ ಏನಿದೆ? ಸದಸ್ಯತ್ವ ಮಾಡಿಸಬೇಕಾ?

ನೀವು ವಿಜಯಪುರದವರು, ಮಗಳು 9ನೇ ತರಗತಿ. ಗ್ರಂಥಾಲಯಕ್ಕೆ ಕರೆದುಕೊಂಡು ಹೋದರೆ ಒಂದು ಕಡೆ ಪುಟ್ಟ ಮಕ್ಕಳ ಚಿತ್ರದ ಪುಸ್ತಕ, ಇನ್ನೊಂದು ಕಡೆ ಪಿಎಸ್‌ಐ, ಎಫ್‌ಡಿಎ ಥರದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗರು. ಅವಳ ವಯಸ್ಸಿನವರಿಗೆ ಅಂತ ಏನಾದರೂ ಇದೆಯಾ, ಸದಸ್ಯತ್ವ ಮಾಡಿಸಿದರೆ ಉಪಯೋಗ ಆದೀತಾ ಅಂತ ಕೇಳಿದ್ದೀರಿ.

ಮಾಡಿಸಿ ಅಕ್ಕಾ. ಆದರೆ ಒಂದು ಕಪಾಟಿಗೆ ‘ಹದಿಹರೆಯದವರಿಗೆ’ ಅಂತ ಚೀಟಿ ಅಂಟಿಸಿ ಇಟ್ಟಿರುತ್ತಾರೆ ಅಂದುಕೊಂಡು ಹೋಗಬೇಡಿ. ನಾನು ನೋಡಿದ ಕಡೆ ಎಲ್ಲೂ ಅಂಥದ್ದಿಲ್ಲ. ಇರುವುದನ್ನು ಹುಡುಕಿ ತೆಗೆಯಬೇಕು, ಇಲ್ಲದ್ದನ್ನು ಬಾಯಿಬಿಟ್ಟು ಕೇಳಬೇಕು. ನಾನು ಇದೇ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ನಮ್ಮಲ್ಲಿ ಬರುವವರಲ್ಲಿ 8ರಿಂದ 10ನೇ ತರಗತಿಯವರೇ ಜಾಸ್ತಿ. ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮಗೆ ಆಶ್ಚರ್ಯ ಆಗಬಹುದು, ಈ ವಯಸ್ಸಿನ ಮಕ್ಕಳಿಗೆ ಸಿಟಿಗಿಂತ ಹಳ್ಳಿಯಲ್ಲೇ ಹೆಚ್ಚು ನಡೆಯುತ್ತಿದೆ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ಅರಿವು ಕೇಂದ್ರ. ಮರುವರ್ಷ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗಲೇ, ಈ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಅನ್ನುವ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಹಳ್ಳಿ ಮಕ್ಕಳಿಗೆ ಸದಸ್ಯತ್ವ ಪೂರ್ತಿ ಉಚಿತ. ಗಮನಿಸಿ, 18ರವರೆಗೆ. ಅಲ್ಲಿಯವರೆಗೆ 14–15ರ ಹುಡುಗಿ ಬಂದರೆ ಮಕ್ಕಳ ಲೆಕ್ಕವೋ ದೊಡ್ಡವರ ಲೆಕ್ಕವೋ ಅಂತ ನಮಗೇ ಗೊಂದಲ ಇರುತ್ತಿತ್ತು.

ಎಲ್ಲ ಊರಲ್ಲೂ ಒಂದೇ ಥರ ಅಂತ ಹೇಳಲಾರೆ. ಕೆಲವು ಕಡೆ ಕಂಪ್ಯೂಟರ್ ಮೇಲಿನ ಬಟ್ಟೆಯನ್ನೇ ತೆಗೆದಿಲ್ಲ. ನಡೆಯುವ ಕಡೆ ಚೆನ್ನಾಗಿ ನಡೆಯುತ್ತದೆ. ನಮ್ಮಲ್ಲಿ ಗಟ್ಟಿ ಓದು, ಚೆಸ್, ಪೇಪರ್ ಸುದ್ದಿ ಹಿಡಿದು ಜಗಳ (ನಾವು ಅದಕ್ಕೆ ಚರ್ಚೆ ಅಂತ ವರದಿಯಲ್ಲಿ ಬರೆಯುತ್ತೇವೆ) ಇವೆಲ್ಲ ಇವೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಾರೆ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ ತಾವೇ ತುಂಬುತ್ತಾರೆ. ಹುಡುಗರಲ್ಲಿ ಅರ್ಧ ಜನಕ್ಕೆ ಸೈನ್ಯಕ್ಕೆ ಸೇರುವ ಹುಚ್ಚು, ಅವರು ಅಗ್ನಿವೀರ್ ಸುದ್ದಿ ಇರುವ ಪುಟ ಬಿಟ್ಟು ಬೇರೆ ಮುಟ್ಟುವುದಿಲ್ಲ. ಇರಲಿ, ಬರುತ್ತಾರಲ್ಲ.

ಹುಡುಗಿಯರ ವಿಷಯ ಬೇರೆ. 7ನೇ ತರಗತಿವರೆಗೆ ಓಡಿ ಬರುವವರು 8ನೇ ತರಗತಿಗೆ ಬಂದ ಮೇಲೆ ನಿಂತುಬಿಡುತ್ತಾರೆ. ಪುಸ್ತಕದ ಆಸೆ ಹೋಗಿ ನಿಲ್ಲುವುದಲ್ಲ ಅದು. ಮನೆಯಲ್ಲಿ ಕೆಲಸ ಜಾಸ್ತಿಯಾಗುತ್ತದೆ, ಸಂಜೆ ಕಟ್ಟೆ ಮೇಲೆ ಗಂಡಸರು ಕೂತಿರುತ್ತಾರೆ, ಅವರ ಮುಂದೆ ಹಾದು ಬರಬೇಕು. ಒಳಗೆ ಬಂದರೂ ಪೇಪರ್ ಓದುವ ಹಿರಿಯರೇ ಬೆಂಚು ಹಿಡಿದಿರುತ್ತಾರೆ. ನಾನು ಮಾಡಿದ್ದು ಇಷ್ಟೇ: ಸಂಜೆ ಶಾಲೆ ಬಿಟ್ಟ ಮೇಲಿನ ಒಂದು ತಾಸು ಒಳಗಿನ ಕೋಣೆ ಮಕ್ಕಳಿಗೆ ಅಂತ ಬಿಟ್ಟೆ. ಹಿರಿಯರು ಗೊಣಗಿದರು, ಆಮೇಲೆ ಹೊರಗಿನ ಪಡಸಾಲೆಗೆ ಹೊಂದಿಕೊಂಡರು. ಒಬ್ಬಳೇ ಬರಲು ಹೇಳಬೇಡಿ, ಗೆಳತಿಯರ ಜೊತೆ ಕಳಿಸಿ ಅಂತ ತಾಯಂದಿರಿಗೆ ಹೇಳಿದೆ. ಅದರಿಂದ ತುಂಬಾ ವ್ಯತ್ಯಾಸ ಆಯಿತು.

ಇನ್ನೊಂದು. ಮೈಯಲ್ಲಾಗುವ ಬದಲಾವಣೆ, ಮುಟ್ಟು, ಇವುಗಳ ಬಗ್ಗೆ ಇರುವ ಪುಸ್ತಕಗಳು ನಮ್ಮ ವಹಿಯಲ್ಲಿ ಯಾರ ಹೆಸರಿಗೂ ಹತ್ತುವುದಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಹಾಳೆ ಕಿತ್ತುಬಂದ ಪುಸ್ತಕಗಳು ಅವೇ! ಕಪಾಟಿನ ಮರೆಯಲ್ಲಿ ನಿಂತು ಓದಿ ಇಟ್ಟು ಹೋಗುತ್ತಾರೆ. ನಾನು ನೋಡಿಯೂ ನೋಡದ ಹಾಗೆ ಇರುತ್ತೇನೆ. ಯಾರಾದರೂ ಕೇಳಿದರೆ ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಬಗ್ಗೆ ಹೇಳುತ್ತೇನೆ, ಅದು 10ರಿಂದ 19 ವರ್ಷದವರಿಗೆ ಅಂತಲೇ ಇರುವುದು. ಮಕ್ಕಳ ಸಹಾಯವಾಣಿ 1098 ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ದಿನಾ ಬರುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ನಿಂತರೆ ಮನೆ ಕಡೆ ಹೋಗಿ ಮಾತಾಡಿಸಿಕೊಂಡು ಬರುತ್ತೇನೆ. ನಮ್ಮ ಭಾಗದಲ್ಲಿ ಬಾಲ್ಯವಿವಾಹದ ಭಯ ಇದ್ದೇ ಇದೆ, ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ನಿಮ್ಮ ಸಿಟಿಗೆ ಬರೋಣ. ಸದಸ್ಯತ್ವಕ್ಕೆ ಆಧಾರ್ ಪ್ರತಿ, ಫೋಟೊ, ಸಣ್ಣ ಠೇವಣಿ ಕೇಳುತ್ತಾರೆ, ಸದಸ್ಯತ್ವ ಬಿಟ್ಟಾಗ ಠೇವಣಿ ವಾಪಸ್ ಬರುತ್ತದೆ. ಅರ್ಜಿ ಕೊಡುವಾಗ ಮಗಳೇ ಕೌಂಟರ್ ಮುಂದೆ ನಿಲ್ಲಲಿ, ನೀವು ಹಿಂದೆ ನಿಲ್ಲಿ. ಅವಳು ಕೇಳಬೇಕಾದ್ದು ಮೂರು: ಮಕ್ಕಳ ವಿಭಾಗ, ದೊಡ್ಡವರ ವಿಭಾಗ ಎರಡರಲ್ಲೂ ಪುಸ್ತಕ ಪಡೆಯಬಹುದಾ? ಬೇಕಾದ ಪುಸ್ತಕದ ಹೆಸರು ಬರೆಯಲು ಬೇಡಿಕೆ ವಹಿ ಎಲ್ಲಿದೆ? ಶಾಲೆ ರಜೆಯಲ್ಲಿ ಏನಾದರೂ ಶಿಬಿರ ಇದೆಯಾ? ಮೊದಲನೆಯದು ಮುಖ್ಯ. ಈ ವಯಸ್ಸಿಗೆ ಬೇಕಾದ ಪತ್ತೇದಾರಿ ಕಥೆ, ಪ್ರವಾಸ ಕಥನ, ವಿಜ್ಞಾನಿಗಳ ಜೀವನ, ದಪ್ಪ ಸಾಮಾಜಿಕ ಕಾದಂಬರಿ ಎಲ್ಲ ದೊಡ್ಡವರ ಕಪಾಟಿನಲ್ಲೇ ಇರುತ್ತವೆ. ಪ್ರೇಮದ ಕಥೆ ಎತ್ತಿಕೊಂಡಳು ಅಂತ ಗಾಬರಿ ಬೀಳಬೇಡಿ. ಕಾದಂಬರಿಯಲ್ಲಿ ಓದುವುದು ಮೊಬೈಲಿನಲ್ಲಿ ನೋಡುವುದಕ್ಕಿಂತ ಎಷ್ಟೋ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಕೇಳಲು ಸಂಕೋಚ ಆದರೆ ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಪುಸ್ತಕ ತೆಗೆದುಕೊಂಡರೂ ಬಿಟ್ಟರೂ ನೀವು ಕೊಡುತ್ತಲೇ ಇದ್ದೀರಿ.

ಪರೀಕ್ಷೆಗೆ ಓದುವ ಹುಡುಗರ ಮೇಲೆ ಸಿಟ್ಟು ಬೇಡ. ವಿಜಯಪುರದಲ್ಲಿ ಕೋಚಿಂಗ್ ಸೆಂಟರ್‌ಗಳು ಎಷ್ಟಿವೆ ನಿಮಗೇ ಗೊತ್ತು. ಸುತ್ತಲಿನ ತಾಲ್ಲೂಕುಗಳಿಂದ ಬಂದು ಸಣ್ಣ ರೂಮಿನಲ್ಲಿ ನಾಲ್ಕೈದು ಜನ ಇರುವವರಿಗೆ ಕೂತು ಓದಲು ಇರುವುದು ಅದೊಂದೇ ಜಾಗ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿರುತ್ತಾರೆ. ಆದರೆ ನಿಮ್ಮ ಮಗಳು ಅವರ ನಡುವೆ ಕೂತು ಓದಲೇಬೇಕು ಅಂತೇನಿಲ್ಲ. ಪುಸ್ತಕ ಬರೆಸಿಕೊಂಡು ಮನೆಗೆ ತರಲಿ.

ಮನೆಯಲ್ಲೇ ಮೊಬೈಲಿನಲ್ಲಿ ಓದುವುದಾದರೆ ಎರಡು ದಾರಿ ಇವೆ, ಎರಡೂ ಉಚಿತ. 2020ರಲ್ಲಿ ಶುರುವಾದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಪಠ್ಯಕ್ಕೆ ಹೊಂದುವ ವಿಡಿಯೊಗಳೂ ಇವೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಇ-ಪುಸ್ತಕಾಲಯ ಆ್ಯಪ್ ಇನ್ನೂ ಹೊಸದು. ಅದರಲ್ಲಿ ಪುಸ್ತಕಗಳನ್ನು ವಯಸ್ಸಿನ ಪ್ರಕಾರ ಬೇರೆ ಮಾಡಿದ್ದಾರೆ: 3–8, 8–11, 11–14, 14–18. ನಾನು ಮೇಲೆ ಇಲ್ಲ ಅಂದೆನಲ್ಲ ಹದಿಹರೆಯದ ಕಪಾಟು, ಅದು ಸಿಕ್ಕಿದ್ದು ಅಲ್ಲಿ. ಕನ್ನಡ ಪುಸ್ತಕಗಳೂ ಇವೆ, ಇಂಗ್ಲಿಷಿನಷ್ಟು ಇಲ್ಲ.

ನಿಮ್ಮ ತವರೋ ಗಂಡನ ಊರೋ ಹಳ್ಳಿಯಾಗಿದ್ದರೆ ಬೇಸಿಗೆ ರಜೆಯಲ್ಲಿ ಅಲ್ಲಿನ ಅರಿವು ಕೇಂದ್ರಕ್ಕೂ ಕಳಿಸಿ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಮಕ್ಕಳು ಇನ್ನೆಲ್ಲಿಗೆ ಹೋಗುತ್ತಾರೆ ಹೇಳಿ, ಫ್ಯಾನ್ ಅಡಿ ಕೂತು ಓದುತ್ತಾರೆ. ಅಲ್ಲಿ ಪುಸ್ತಕ ಕಡಿಮೆ ಅನ್ನಿಸಿದರೆ ಅಲ್ಲಿನ ಮಕ್ಕಳು, ಪಂಚಾಯಿತಿಯವರು ಮಕ್ಕಳ ಮಾತು ಕೇಳಲು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಕೇಳಬಹುದು. ನಮ್ಮೂರಲ್ಲಿ ಹೆಣ್ಣುಮಕ್ಕಳೇ ಎದ್ದು ನಿಂತು ಗ್ರಂಥಾಲಯಕ್ಕೆ ಶೌಚಾಲಯ ಬೇಕು ಅಂದರು. ಪುಸ್ತಕಕ್ಕಿಂತ ಮೊದಲು ಅದನ್ನೇ ಕೇಳಿದ್ದು. ಅಧ್ಯಕ್ಷರಿಗೆ ಎಲ್ಲರ ಮುಂದೆ ಒಪ್ಪದೆ ಗತಿ ಇರಲಿಲ್ಲ.

ಸಿಟಿಯಲ್ಲಿ ಅಂಥ ಸಭೆ ಇಲ್ಲ. ಆದರೆ ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಇರುತ್ತದೆ, ಆಗ ಸ್ಪರ್ಧೆ, ಪುಸ್ತಕ ಪ್ರದರ್ಶನ ಇಡುತ್ತಾರೆ, ಅಧಿಕಾರಿಗಳೂ ಸಿಗುತ್ತಾರೆ. ಅವಳ ಗೆಳತಿಯರನ್ನೂ ಕರೆದುಕೊಂಡು ಹೋಗಿ. ನಾಲ್ಕೈದು ಹುಡುಗಿಯರು ಸೇರಿ ಒಂದು ಮನವಿ ಬರೆದು ಕೊಟ್ಟರೆ ಅದರ ತೂಕವೇ ಬೇರೆ. ಸದಸ್ಯತ್ವಕ್ಕೆ ಮಾತ್ರ ಅಲ್ಲಿಯವರೆಗೆ ಕಾಯಬೇಡಿ. ಶನಿವಾರ ಶಾಲೆ ಬೆಳಗ್ಗೆಯೇ ಬಿಡುತ್ತದಲ್ವಾ, ಅವತ್ತು ಮಧ್ಯಾಹ್ನ ಹೋಗಿ, ಭಾನುವಾರವೂ ತೆಗೆದಿರುತ್ತಾರೆ. ಸಾಮಾನ್ಯವಾಗಿ ಸೋಮವಾರ ರಜೆ.