ಹಳೆ ರೇಸ್ ಸೈಕಲ್: ಮೊದಲು ಫೋರ್ಕ್ ನೋಡಿ

ಪ್ರಶ್ನೆ: ಸರ್, ನನ್ನ ಹತ್ತಿರ ಉಕ್ಕಿನ ಎರಡು ಹಳೆ ರೇಸ್ ಸೈಕಲ್ ಇವೆ. ಹಸಿರು ಸೈಕಲ್ ಚಿಕ್ಕಪ್ಪ ಇಂಗ್ಲೆಂಡಿನಿಂದ ತಂದಿದ್ದು, ಅದರ ಮೇಲೆ ರೆನಾಲ್ಡ್ಸ್ 531 (ಸೈಕಲ್ ಫ್ರೇಮಿನ ಒಂದು ಬಗೆಯ ಉಕ್ಕಿನ ಪೈಪು) ಸ್ಟಿಕ್ಕರ್ ಇದೆ. ಕೆಂಪು ಸೈಕಲ್ ದಾವಣಗೆರೆಯ ಗುಜರಿಯಲ್ಲಿ ಸಿಕ್ಕಿತು, ಅದಕ್ಕೆ ಹೆಸರಿಲ್ಲ. ಸೀಟ್ ಪೋಸ್ಟ್, ಅಂದರೆ ಸೀಟ್ ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆ, ಹಸಿರಿನದು 27.2 ಮಿ.ಮೀ., ಕೆಂಪಿನದು 25.8. ಹಸಿರಿನ ಮುಂದಿನ ಚಕ್ರ ಫ್ರೇಮಿಗೆ ತೀರಾ ಹತ್ತಿರ ಬಂದಿದೆ. ಕೆಂಪಿನ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಅದಕ್ಕೆ ಹಾಕಬಹುದಾ?
– ಓದುಗರು, ಚಿತ್ರದುರ್ಗ

ಉತ್ತರ: ಸೀಟ್ ಪೋಸ್ಟ್ ಅಳತೆ ಬರೆದು ಒಳ್ಳೆಯ ಕೆಲಸ ಮಾಡಿದ್ದೀರಿ. ಇಂಥ ಸೈಕಲ್‌ಗಳಲ್ಲಿ ಸೀಟಿನ ಪೈಪಿನ ಹೊರ ಅಳತೆ ಸಾಮಾನ್ಯವಾಗಿ 28.6 ಮಿ.ಮೀ. ಪೋಸ್ಟ್ ಅದರೊಳಗೆ ಬಿಗಿಯಾಗಿ ಕೂರುವುದರಿಂದ, 28.6ರಲ್ಲಿ ಪೋಸ್ಟಿನ 27.2 ಕಳೆದು ಅರ್ಧ ಮಾಡಿ. ಹಸಿರಿನ ಪೈಪಿನ ದಪ್ಪ ಸುಮಾರು 0.7 ಮಿ.ಮೀ., ಕೆಂಪಿನದು 1.4. ದಪ್ಪ ಎರಡು ಪಟ್ಟು! ಹಸಿರು ಫ್ರೇಮ್ ನಿಜಕ್ಕೂ ಒಳ್ಳೆಯದು. ಉಕ್ಕು ಯಾವುದೇ ಆಗಲಿ, ಅದೇ ಅಳತೆಯ ಪೈಪು ಅಷ್ಟೇ ತೂಗುತ್ತದೆ. ಒಳ್ಳೆ ಉಕ್ಕಿನ ಲಾಭ ಏನೆಂದರೆ, ಪೈಪನ್ನು ತೆಳ್ಳಗೆ ಮಾಡಿದರೂ ತಾಳುತ್ತದೆ. ರೆನಾಲ್ಡ್ಸ್ 531 ಬಂದಿದ್ದು 1935ರಲ್ಲಿ. ಇವತ್ತಿಗೂ ಅದರ ಮೇಲೆ ಕೂತರೆ ಖುಷಿಯಾಗುತ್ತದೆ.

ಆದರೆ ಸ್ಟಿಕ್ಕರನ್ನು ಪೂರ್ತಿ ಓದಿ. ಕೆಲವು ಸ್ಟಿಕ್ಕರ್‌ಗಳು ಮೂರು ಮುಖ್ಯ ಪೈಪು ಮಾತ್ರ 531 ಎನ್ನುತ್ತವೆ. ಆಗ ಫೋರ್ಕ್ ಮಾಮೂಲಿ ಉಕ್ಕಿನದೂ ಆಗಿರಬಹುದು.

ನನಗೆ ಆತಂಕ ಇರುವುದು ಹಿಂದೆ ಸರಿದ ಆ ಚಕ್ರದ ಬಗ್ಗೆ. ಸೈಕಲ್ ಎಲ್ಲೋ ಎದುರಿಗೆ ಗುದ್ದಿರುವ ಸಾಧ್ಯತೆ ಜಾಸ್ತಿ. ಹ್ಯಾಂಡಲ್ ಕೆಳಗೆ, ಲಗ್ (ಪೈಪುಗಳನ್ನು ಕೂಡಿಸುವ ತೋಳು) ಮುಗಿದು ಒಂದೆರಡು ಇಂಚು ಹಿಂದೆ, ಕೆಳ ಪೈಪಿನ ಅಡಿಯಲ್ಲಿ ಬೆರಳು ಆಡಿಸಿ. ಮೇಲ್ಪೈಪಿನ ಅಡಿಯಲ್ಲೂ ನೋಡಿ. ಉಬ್ಬು ಸಿಕ್ಕರೆ, ಬಣ್ಣ ಅಡ್ಡಡ್ಡ ಬಿರುಕು ಬಿಟ್ಟಿದ್ದರೆ ಪೈಪು ಮಡಚಿದೆ ಎಂದರ್ಥ. ಆಮೇಲೆ ಎಂಥ ಫೋರ್ಕ್ ಹಾಕಿಯೂ ಪ್ರಯೋಜನವಿಲ್ಲ. ದಯವಿಟ್ಟು ಗೇಟು, ಗ್ರಿಲ್ ಮಾಡುವ ಅಂಗಡಿಗೆ ಒಯ್ಯಬೇಡಿ. ಅಷ್ಟು ತೆಳು ಪೈಪಿಗೆ ಕರೆಂಟ್ ವೆಲ್ಡಿಂಗ್ ಹಿಡಿದರೆ ತೂತೇ ಬೀಳುತ್ತದೆ.

ಇನ್ನೊಂದು ಪರೀಕ್ಷೆಗೆ ಒಂದು ದಾರ ಸಾಕು. ಹಿಂದಿನ ಚಕ್ರ ಕೂರುವ ಕಡೆ ಒಂದು ತುದಿ ಕಟ್ಟಿ. ಮುಂದೆ ಹೆಡ್ ಪೈಪನ್ನು (ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪು) ಸುತ್ತಿಸಿ ಇನ್ನೊಂದು ಬದಿಗೆ ಬಿಗಿಯಾಗಿ ತನ್ನಿ. ಸೀಟಿನ ಪೈಪಿನಿಂದ ದಾರಕ್ಕೆ ಎರಡೂ ಕಡೆ ಅಂತರ ಒಂದೇ ಇದ್ದರೆ ಫ್ರೇಮಿನ ಹಿಂಭಾಗ ನೆಟ್ಟಗಿದೆ.

ಇದೆಲ್ಲ ಸರಿಯಿದ್ದರೆ ಫೋರ್ಕ್ ವಿಷಯಕ್ಕೆ ಬರೋಣ. ಫೋರ್ಕಿನ ಮೇಲಿನ ಕೊಳವೆ, ಅಂದರೆ ಹೆಡ್ ಪೈಪಿನೊಳಗೆ ಹೋಗುವ ಭಾಗದ ಉದ್ದ ಕೂಡಬೇಕು. ಕೆಳಗಿನ ಬೇರಿಂಗ್ ರೇಸ್ (ಬೇರಿಂಗ್ ಗುಂಡು ಉರುಳುವ ಬಳೆ) ಕೂರುವ ಜಾಗ ಕೆಲವದರಲ್ಲಿ 26.4, ಜಪಾನಿ ಅಳತೆಯಲ್ಲಿ 27.0 ಮಿ.ಮೀ. ಹೊಂದದಿದ್ದರೆ ಸುತ್ತಿಗೆಯಿಂದ ಬಡಿದು ಕೂರಿಸಬೇಡಿ. ಇವೆರಡಕ್ಕಿಂತ ಮುಖ್ಯವಾದದ್ದು ಬಾಗು, ಅಂದರೆ ಮೇಲಿನ ಕೊಳವೆಯ ನೇರಕ್ಕೆ ಹಿಡಿದ ಗೆರೆಯಿಂದ ಆಕ್ಸಲ್ ಎಷ್ಟು ಮುಂದಿದೆ ಎನ್ನುವುದು. ಹೆಡ್ ಪೈಪು ನೆಲಕ್ಕೆ 73 ಡಿಗ್ರಿ ಇದ್ದು ಬಾಗು 45 ಮಿ.ಮೀ. ಆದರೆ, ಹೆಡ್ ಪೈಪಿನ ನೇರಕ್ಕೆ ಎಳೆದ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಚಕ್ರ ಸುಮಾರು 57 ಮಿ.ಮೀ. ಹಿಂದೆ ಮುಟ್ಟುತ್ತದೆ. ಬಾಗು 55 ಆದರೆ ಅದು 46ಕ್ಕೆ ಇಳಿಯುತ್ತದೆ. ಕೈಯಲ್ಲಿ ಹ್ಯಾಂಡಲ್ ಹಗುರಾಗುತ್ತದೆ. ಊರೊಳಗೆ ಅದು ಹಿತ. ನಿಮ್ಮದು ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಊರು. ಹೈವೇಯಲ್ಲಿ ಅಡ್ಡಗಾಳಿ ಹೊಡೆದಾಗ, ಪಕ್ಕದಲ್ಲಿ ಲಾರಿ ಹೋದಾಗ, ನನಗಂತೂ 57ರ ಹ್ಯಾಂಡಲ್ಲೇ ಬೇಕು.

ಬೇರಿಂಗ್ ರೇಸ್ ಕೂರುವ ಜಾಗದಿಂದ ಆಕ್ಸಲ್ ತನಕ ಫೋರ್ಕಿನ ಉದ್ದವನ್ನೂ ಅಳೆಯಿರಿ. 10 ಮಿ.ಮೀ. ಜಾಸ್ತಿಯಾದರೆ ಹೆಡ್ ಪೈಪು ಅರ್ಧ ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತದೆ.

ಹಸಿರಿನ ಹಳೆ ಫೋರ್ಕನ್ನು ನೆಟ್ಟಗೆ ಮಾಡಿಸಬೇಡಿ. ಅದು ಓಡುವಾಗ ಮುರಿದರೆ ಬ್ರೇಕ್ ಹಿಡಿಯಲೂ ಸಮಯ ಇರುವುದಿಲ್ಲ. ಫ್ರೇಮ್ ಚೆನ್ನಾಗಿದ್ದರೆ ಅದನ್ನೇ ಉಳಿಸಿ. ಅಳತೆ ಕೂಡಿದರೆ ಕೆಂಪಿನ ಫೋರ್ಕ್ ಹಾಕಿ. ಕೂಡದಿದ್ದರೆ ಸರಿಯಾದದ್ದು ಸಿಗುವ ತನಕ ಕಾಯಿರಿ.

ಪ್ರಶ್ನೆ: ರೇಸ್ ಸೈಕಲ್ಲಿಗೆ ಮಾಮೂಲಿ ಕರಿ ಸೈಕಲ್ಲಿನ ಫೋರ್ಕ್ ಆಗುತ್ತದಾ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಆ ಸೈಕಲ್ಲಿನ 28 ಇಂಚಿನ ರಿಮ್ 635 ಮಿ.ಮೀ., ರೇಸ್ ಸೈಕಲ್ಲಿನ 700ಸಿ ರಿಮ್ 622. ಫೋರ್ಕ್ ಉದ್ದವಾಗುತ್ತದೆ, ಬಾಗೂ ಜಾಸ್ತಿ. ರೇಸ್ ಸೈಕಲ್ಲಿನ ಬ್ರೇಕಿನ ಕಟ್ಟೆ ರಿಮ್ಮಿಗೆ ಎಟುಕುವುದೂ ಕಷ್ಟ.