ವಿಮಾನದಲ್ಲಿ ಸಮುದ್ರ ದಾಟುವ ತಾಯಿಗೆ ಲೈಫ್ ಜಾಕೆಟ್ ಕೊಂಡು ಕೊಡಬೇಕೇ?

ಕೊಳ್ಳಬೇಡಿ. ಬಾಗಲಕೋಟೆಯಿಂದ ಗೋವಾಕ್ಕೆ ಬಂದು ದುಬೈ ವಿಮಾನ ಹತ್ತಲಿರುವ ನಿಮ್ಮ ತಾಯಿಯವರಿಗೆ ಯಾವ ಜಾಕೆಟ್ ಒಳ್ಳೆಯದು ಎಂದು ಕೇಳಿದ್ದೀರಿ. ಬೆಳಗಾವಿಯಿಂದ ನನ್ನ ಅವ್ವನನ್ನು ಗೋವಾ ಮಾರ್ಗವಾಗಿ ಮಸ್ಕತ್‌ಗೆ ಕಳಿಸುವಾಗ ನನ್ನನ್ನು ಕಾಡಿದ್ದೂ ಇದೇ. ಈಜು ಬಾರದ ಅವ್ವ ಅರಬ್ಬಿ ಸಮುದ್ರದ ಮೇಲೆ ಹೋಗುತ್ತಾಳೆಂಬ ಚಿಂತೆಯಲ್ಲಿ, ನೀರು ತಗುಲಿದೊಡನೆ ತಾನೇ ಉಬ್ಬುವ ದೋಣಿಯ ಜಾಕೆಟ್ಟೊಂದನ್ನು ದುಬಾರಿ ಬೆಲೆಗೆ ತರಿಸಿದೆ. ಅದರಲ್ಲಿ ಅನಿಲದ ಸಿಲಿಂಡರ್ ಇರುವುದರಿಂದ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಪಡೆಯಬೇಕಿತ್ತು. ಪಡೆದಿರಲಿಲ್ಲವಾದ್ದರಿಂದ ಅದು ನಿಲ್ದಾಣದಲ್ಲಿಯೇ ಉಳಿಯಿತು.

ಹಣ ಹೋದದ್ದು ದೊಡ್ಡದಲ್ಲ. ತಾನೇ ಉಬ್ಬುವುದನ್ನು ಅನುಕೂಲವೆಂದು ತಿಳಿದದ್ದು ನನ್ನ ನಿಜವಾದ ತಪ್ಪು. ದೋಣಿಯಲ್ಲಿ ತಲೆಯ ಮೇಲೆ ಬಯಲಿರುತ್ತದೆ, ವಿಮಾನದಲ್ಲಿ ಚಾವಣಿ ಇರುತ್ತದೆ. ಒಳಗೆ ನೀರು ನುಗ್ಗಿದಾಗ ಉಬ್ಬಿದ ಜಾಕೆಟ್ ಮನುಷ್ಯನನ್ನು ಆ ಚಾವಣಿಗೆ ಒತ್ತಿ ಹಿಡಿಯುತ್ತದೆ. ಬಾಗಿಲು ನೀರಿನಡಿ ಹೋಗಿದ್ದರೆ, ಮುಳುಗಿ ಅದರಿಂದ ಹೊರಬೀಳಲು ಬಿಡುವುದಿಲ್ಲ. 1996ರ ನವೆಂಬರ್‌ನಲ್ಲಿ ಅಪಹರಣಕ್ಕೊಳಗಾಗಿ ಇಂಧನ ತೀರಿದ ಇಥಿಯೋಪಿಯನ್ ಏರ್‌ಲೈನ್ಸ್ 961 ಕೊಮೊರೊಸ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದಾಗ, ಅದರಲ್ಲಿದ್ದ 175 ಮಂದಿಯಲ್ಲಿ 125 ಮಂದಿ ತೀರಿಕೊಂಡರು. ಒಳಗಿರುವಾಗಲೇ ಜಾಕೆಟ್ ಉಬ್ಬಿಸಿಕೊಂಡು ಸಿಕ್ಕಿಬಿದ್ದವರು ಅವರಲ್ಲಿದ್ದರು. ಅವ್ವನ ಕೈಗೆ ನಾನು ಕೊಡಹೊರಟದ್ದು ಅಂಥದ್ದನ್ನೇ.

ದಡದಿಂದ 50 ನಾಟಿಕಲ್ ಮೈಲಿಗಿಂತ ಆಚೆ ಹಾರುವ ಪ್ರಯಾಣಿಕ ವಿಮಾನದಲ್ಲಿ ಪ್ರತಿಯೊಬ್ಬರಿಗೂ ಜಾಕೆಟ್ ಇರಲೇಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಹಸುಗೂಸುಗಳದ್ದನ್ನು ಸಿಬ್ಬಂದಿ ಕೊಡುತ್ತಾರೆ. ಕೊರತೆ ಇರುವುದು ಅಭ್ಯಾಸದಲ್ಲಿ. 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಇಳಿದ ವಿಮಾನದ 155 ಮಂದಿಯೂ ಉಳಿದರು, ನಿಜ. ಆದರೆ ಜಾಕೆಟ್ಟನ್ನು ಸೊಂಟದ ಪಟ್ಟಿಯವರೆಗೆ ಸರಿಯಾಗಿ ಕಟ್ಟಿಕೊಂಡೆವೆಂದು ತನಿಖೆಯಲ್ಲಿ ಹೇಳಿದ ಪ್ರಯಾಣಿಕರು ನಾಲ್ವರೇ.

ವಿಮಾನದ ಸೂಚನೆಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಗಳಲ್ಲಿರುತ್ತವೆ. ಆದ್ದರಿಂದ ಅವನ್ನು ತಾಯಿಯವರಿಗೆ ಮನೆಯಲ್ಲಿಯೇ ಕನ್ನಡದಲ್ಲಿ ಹೇಳಿಕೊಡಿ: ತಲೆಯ ಮೇಲಿಂದ ಹಾಕಿಕೊಂಡು ಪಟ್ಟಿಯನ್ನು ಸೀರೆಯ ಮೇಲೆ ಬಿಗಿಯಾಗಿ ಕಟ್ಟಬೇಕು, ಕೆಂಪು ಹಿಡಿಕೆಯನ್ನು ಬಾಗಿಲ ಬಳಿ ಹೊರಬೀಳುವಾಗ ಮಾತ್ರ ಎಳೆಯಬೇಕು, ಉಬ್ಬದಿದ್ದರೆ ಕೊಳವೆಗೆ ಬಾಯಿಟ್ಟು ಊದಬೇಕು. ಜಾಕೆಟ್ ಸಾಮಾನ್ಯವಾಗಿ ಸೀಟಿನ ಕೆಳಗಿರುತ್ತದೆ, ಕೆಲವು ಸೀಟುಗಳಲ್ಲಿ ಬೇರೆಡೆ ಇರುತ್ತದೆ. ಕುಳಿತ ಕೂಡಲೇ ಕೈಯಾಡಿಸಿ ನೋಡಿ, ಸಿಗದಿದ್ದರೆ ವಿಮಾನ ಹೊರಡುವ ಮೊದಲೇ ಸಿಬ್ಬಂದಿಯನ್ನು ಕರೆಯಲು ಅವರಿಗೆ ತಿಳಿಸಿ.